ಚಿಟಿಕೆ ಲೋಹ, ದೊಡ್ಡ ಕೆಲಸ

ಮಕ್ಕಳೇ, ಕೊಪ್ಪದಿಂದ ಶೃಂಗೇರಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ಏರು ಬಂದಾಗ ಚಾಲಕರು ಗೇರ್ ಬದಲಿಸುತ್ತಾರೆ. ತುಂಬಿದ ಬಸ್ಸಿನ ಭಾರವನ್ನೆಲ್ಲ ಆಗ ಹೊರುವುದು ಗೇರಿನ ಪುಟ್ಟ ಹಲ್ಲುಗಳು. ಅಂಥ ಹಲ್ಲುಗಳು ಸುಲಭವಾಗಿ ಮುರಿಯದಿರಲು ಉಕ್ಕಿಗೆ ಅನೇಕ ವೇಳೆ ಒಂದು ಲೋಹವನ್ನು ಬೆರೆಸುತ್ತಾರೆ. ಅದೇ ಮಾಲಿಬ್ಡಿನಮ್.

ಹೆಸರು ಬಂದ ಬಗೆ

ಗ್ರೀಕ್ ಭಾಷೆಯಲ್ಲಿ 'ಮಾಲಿಬ್ಡೋಸ್' ಎಂದರೆ ಸೀಸ. ಇದರ ಅದಿರು ಕಪ್ಪಗೆ, ಮೆತ್ತಗೆ ಇದ್ದು ಕೈಗೆ ಮಸಿ ಹತ್ತಿಸುತ್ತದೆ. ಹಾಗಾಗಿ ಹಿಂದಿನವರು ಅದನ್ನು ಸೀಸವೆಂದೇ ತಿಳಿದಿದ್ದರು. 1778ರಲ್ಲಿ ಸ್ವೀಡನ್ನಿನ ಷೀಲೆ ಇದು ಬೇರೆಯೇ ಧಾತುವಿನ ಅದಿರೆಂದು ತೋರಿಸಿದರು. 1781ರಲ್ಲಿ ಹೆಲ್ಮ್ ಲೋಹವನ್ನು ಬೇರ್ಪಡಿಸಿದರು.

ಉಕ್ಕಿನ ಗೆಳೆಯ

ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮಾಲಿಬ್ಡಿನಮ್ ಕರಗಲು ಸುಮಾರು 2620 ಡಿಗ್ರಿ ಬೇಕು! ನೂರು ಕಿಲೋ ಉಕ್ಕಿಗೆ ಕಾಲು ಕಿಲೋ ಬೆರೆಸಿದರೂ ಉಕ್ಕಿನ ಬಲ ಹೆಚ್ಚುತ್ತದೆ. ನರಸಿಂಹರಾಜಪುರಕ್ಕೆ ದೂರವಲ್ಲದ ಭದ್ರಾವತಿಯ ಹೆಸರು ಕೇಳಿದ್ದೀರಲ್ಲ? 1923ರಲ್ಲಿ ಬೀಡುಕಬ್ಬಿಣ ತಯಾರಿಸಲು ಆರಂಭಿಸಿದ ಅಲ್ಲಿನ ಕಾರ್ಖಾನೆ ಮುಂದೆ ಹೆಸರಾದದ್ದು ಇಂಥ ಮಿಶ್ರಲೋಹದ ಉಕ್ಕಿಗೇ. ಸಮುದ್ರದ ಉಪ್ಪುನೀರು ತಾಗುವ ಕಡೆ ಬಳಸುವ ಸ್ಟೀಲಿನಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ.

ಜಾರುವ ಪುಡಿ, ಶುದ್ಧ ಡೀಸೆಲ್

ಮಾಲಿಬ್ಡಿನಮ್ ಮತ್ತು ಗಂಧಕ ಸೇರಿದರೆ ಮಾಲಿಬ್ಡಿನಮ್ ಡೈಸಲ್ಫೈಡ್. ಇಸ್ಪೀಟಿನ ಎಲೆಗಳಂತೆ ಇದರ ಪದರಗಳು ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ಹೆಚ್ಚು ಭಾರ ಬೀಳುವ ಕೀಲುಗಳ ಗ್ರೀಸಿಗೆ ಇದನ್ನು ಬೆರೆಸುತ್ತಾರೆ.

ಡೀಸೆಲ್‌ನಲ್ಲಿ ಗಂಧಕವಿದ್ದರೆ ಹೊಗೆ ನಮ್ಮ ಶ್ವಾಸಕೋಶಕ್ಕೆ ಕೆಡುಕು. ತೈಲ ಶುದ್ಧೀಕರಣ ಘಟಕದಲ್ಲಿ ಡೀಸೆಲ್ ಮತ್ತು ಜಲಜನಕವನ್ನು ಬಿಸಿ ಮಾಡಿ, ಕೋಬಾಲ್ಟ್-ಮಾಲಿಬ್ಡಿನಮ್ ಇರುವ ಗುಳಿಗೆಗಳ ಮೇಲೆ ಹಾಯಿಸುತ್ತಾರೆ. ಗಂಧಕವು ಜಲಜನಕದೊಡನೆ ಸೇರಿ ಅನಿಲವಾಗಿ ಹೊರಬರುತ್ತದೆ. ಗುಳಿಗೆಗಳು ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಇಂಥ ವಸ್ತುವೇ ಕ್ರಿಯಾವರ್ಧಕ. ಏಪ್ರಿಲ್ 2020ರಿಂದ ನಮ್ಮ ದೇಶದಲ್ಲಿ ಒಂದು ಕಿಲೋ ಡೀಸೆಲ್‌ನಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಗಂಧಕ ಇರುವಂತಿಲ್ಲ.

ಗದ್ದೆಗೂ ಬೇಕು

ಅಲಸಂದೆಯ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಅದಕ್ಕೂ ಮಾಲಿಬ್ಡಿನಮ್ ಬೇಕು. ಮಲೆನಾಡಿನ ಜೋರು ಮಳೆಗೆ ಸುಣ್ಣದ ಅಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣು ಮಾಲಿಬ್ಡಿನಮ್ಮನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಸಿಗದು. ಸುಣ್ಣ ಹಾಕಿದರೆ ಅದು ಬಿಡುಗಡೆಯಾಗುತ್ತದೆ. ಕೊರತೆ ಇರುವಲ್ಲಿ ಸೋಡಿಯಂ ಮಾಲಿಬ್ಡೇಟ್ ಎಂಬ ಲವಣವನ್ನು ಕೊಡುವುದುಂಟು.

ಆದರೆ ಎಚ್ಚರ! ಮೇವಿನಲ್ಲಿ ಇದು ಹೆಚ್ಚಾದರೆ ದನಗಳ ಮೈಯಲ್ಲಿ ತಾಮ್ರದ ಕೊರತೆಯಾಗಿ ಅವು ಕಾಯಿಲೆ ಬೀಳುತ್ತವೆ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ, ಆಮೇಲೆ ಗೊಬ್ಬರ. ಇದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ತಿಳಿಸಿ.

ಮಾಡಿ ನೋಡಿ: ಶಾಲೆಯ ಕೈತೋಟದ ಅಲಸಂದೆ ಗಿಡವೊಂದನ್ನು ಮೆಲ್ಲಗೆ ಕಿತ್ತು ಬೇರು ತೊಳೆಯಿರಿ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಿವೆ ಎಂದು ತಿಳಿಯಿರಿ. ಎಷ್ಟು ಗಂಟುಗಳಿವೆ? ಎಣಿಸಿ ಬರೆದಿಡಿ.