ಅಂಕದಿಂದ ಶ್ರೇಣಿಗೆ: ವಿಶ್ವವಿದ್ಯಾನಿಲಯಗಳ ಮೌಲ್ಯಮಾಪನದ ಲೆಕ್ಕಾಚಾರ

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾದಂದಿನಿಂದ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ, ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಎಷ್ಟೋ ಕನ್ನಡ ತರುಣರಿಗೆ ಉಚ್ಚ ಶಿಕ್ಷಣದ ಹೆಬ್ಬಾಗಿಲು ಹೈದರಾಬಾದೇ ಆಗಿತ್ತು. ಮನೆಯಲ್ಲಿ ಕನ್ನಡವನ್ನಾಡುತ್ತ ಕಾಲೇಜಿನಲ್ಲಿ ಉರ್ದುವಿನ ಮೂಲಕ ಕಲಿತ ಆ ತಲೆಮಾರಿನವರಿಗೆ ಪರೀಕ್ಷೆಯ ಫಲವು ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು: ಪ್ರಥಮ ದರ್ಜೆ, ದ್ವಿತೀಯ ದರ್ಜೆ, ತೃತೀಯ ದರ್ಜೆ, ಇಲ್ಲವಾದರೆ ನಾಪಾಸು. ಈಗಿನ ವಿದ್ಯಾರ್ಥಿಯು ಮನೆಗೆ ತರುವ ಅಂಕಪಟ್ಟಿಯಲ್ಲಿ, ಅಂದರೆ ಹೈದರಾಬಾದಿನವರು ‘ಮೆಮೊ’ ಎನ್ನುವ ಕಾಗದದಲ್ಲಿ, ಅಕ್ಷರಗಳೂ ದಶಮಾಂಶಗಳೂ ಇರುತ್ತವೆ. ‘6.5 ಎಂದರೆ ಪ್ರಥಮ ದರ್ಜೆಯೋ ಅಲ್ಲವೋ’ ಎಂದು ಹಿರಿಯರು ಕೇಳಿದರೆ ಮಕ್ಕಳಿಗೂ ಉತ್ತರ ಹೊಳೆಯುವುದಿಲ್ಲ. ಆ ಪ್ರಶ್ನೆಗೆ ಉತ್ತರವು ಒಂದಲ್ಲ, ಹಲವು ಎಂಬುದೇ ಇದಕ್ಕೆ ಕಾರಣ.

ಅಂಕಪದ್ಧತಿಯ ಬಗೆಗಿನ ಅಸಮಾಧಾನವು ಇಂದು ನಿನ್ನೆಯದಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು (1948-49), ಉಚ್ಚ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಬೇಕೆಂದು ಅಭಿಪ್ರಾಯಪಟ್ಟಿತ್ತು. ಒಂದೇ ಉತ್ತರಪತ್ರಿಕೆಗೆ ಒಬ್ಬ ಪರೀಕ್ಷಕನು 58 ಅಂಕಗಳನ್ನೂ ಮತ್ತೊಬ್ಬನು 62 ಅಂಕಗಳನ್ನೂ ಕೊಡಬಹುದು. ಹೀಗಿರುವಾಗ ಒಂದೊಂದು ಅಂಕಕ್ಕೂ ಅಷ್ಟೊಂದು ಬೆಲೆ ಕಟ್ಟುವುದು ನ್ಯಾಯವಲ್ಲ. ಸಮೀಪದ ಅಂಕಗಳನ್ನೆಲ್ಲ ಒಂದೇ ಶ್ರೇಣಿಯಲ್ಲಿಡುವುದು ಲೇಸೆಂಬುದು ಶ್ರೇಣಿಪದ್ಧತಿಯ ಮೂಲತತ್ತ್ವ.

2015ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಗೆ ಮಾರ್ಗಸೂಚಿಯನ್ನು ಪ್ರಕಟಿಸಿ, ಹತ್ತು ಬಿಂದುಗಳ ಮಾಪಕವನ್ನು ಸೂಚಿಸಿತು. ಇದರಂತೆ ‘ಓ’ ಶ್ರೇಣಿಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ತೇರ್ಗಡೆಯ ಶ್ರೇಣಿಯಾದ ‘ಪಿ’ಗೆ 4 ಬಿಂದುಗಳು, ಅನುತ್ತೀರ್ಣನಾದವನಿಗೂ ಗೈರುಹಾಜರಾದವನಿಗೂ ಸೊನ್ನೆ. ತೆಲಂಗಾಣದ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಲ್ಲಿ ಈ ಕ್ರೆಡಿಟ್ ಪದ್ಧತಿಯು 2016-17ರಿಂದ ಆಚರಣೆಗೆ ಬಂದಿತು.

ಕ್ರೆಡಿಟ್ ಎಂಬುದು ವಿಷಯದ ತೂಕ. ಒಂದು ಅರ್ಧವರ್ಷದಲ್ಲಿ ವಾರಕ್ಕೆ ಒಂದು ಗಂಟೆಯ ಪಾಠವಾಗಲಿ ಎರಡು ಗಂಟೆಗಳ ಪ್ರಯೋಗವಾಗಲಿ ನಡೆದರೆ ಅದು ಒಂದು ಕ್ರೆಡಿಟ್. ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿಗೆ ಕನ್ನಡದಲ್ಲಿ (4 ಕ್ರೆಡಿಟ್) 8, ಇಂಗ್ಲಿಷಿನಲ್ಲಿ (4) 6, ಅರ್ಥಶಾಸ್ತ್ರದಲ್ಲಿ (5) 7, ಇತಿಹಾಸದಲ್ಲಿ (5) 5, ಪರಿಸರ ವಿಷಯದಲ್ಲಿ (2) 10 ಬಿಂದುಗಳು ದೊರೆತಿವೆಯೆಂದು ಭಾವಿಸೋಣ. ಬಿಂದುಗಳನ್ನಷ್ಟೇ ಕೂಡಿ ಐದರಿಂದ ಭಾಗಿಸಿದರೆ 7.20 ಬರುತ್ತದೆ; ಆದರೆ ಇದು ಸರಿಯಾದ ಲೆಕ್ಕವಲ್ಲ. ಪ್ರತಿಯೊಂದು ಬಿಂದುವನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಬೇಕು. ಆಗ 32, 24, 35, 25, 20 ಸೇರಿ 136 ಆಗುತ್ತದೆ. ಇದನ್ನು ಒಟ್ಟು 20 ಕ್ರೆಡಿಟ್‌ಗಳಿಂದ ಭಾಗಿಸಿದರೆ 6.80. ಇದೇ ಆ ಅರ್ಧವರ್ಷದ ಬಿಂದು ಸರಾಸರಿ. ಎರಡು ಕ್ರೆಡಿಟ್‌ನ ವಿಷಯದಲ್ಲಿ ಪಡೆದ ಹತ್ತು ಬಿಂದುಗಳು ಐದು ಕ್ರೆಡಿಟ್‌ನ ವಿಷಯದಲ್ಲಾದ ನಷ್ಟವನ್ನು ತುಂಬಿಕೊಡಲಾರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎಲ್ಲ ಅರ್ಧವರ್ಷಗಳ ಸರಾಸರಿಗಳನ್ನು ಇದೇ ರೀತಿ ಅವುಗಳ ಕ್ರೆಡಿಟ್‌ಗಳೊಡನೆ ಕೂಡಿಸಿ ಕಂಡುಕೊಂಡದ್ದು ಸಂಚಿತ ಬಿಂದು ಸರಾಸರಿ.

ಇಷ್ಟರವರೆಗೆ ಗೊಂದಲವಿಲ್ಲ. ತೊಡಕು ಹುಟ್ಟುವುದು ಈ ಬಿಂದುವನ್ನು ಮರಳಿ ಶೇಕಡಾವಾರಿಗೆ ತಿರುಗಿಸುವಲ್ಲಿ. ಕೆಲವೆಡೆ ಹತ್ತರಿಂದ ಗುಣಿಸುತ್ತಾರೆ. ಹೈದರಾಬಾದಿನ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾನಿಲಯದ 2018ರ ನಿಬಂಧನೆಗಳಂತೆ ಬಿಂದುವಿನಲ್ಲಿ 0.5 ಕಳೆದು ಹತ್ತರಿಂದ ಗುಣಿಸಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪ್ರಕಟಿಸಿದ ಪಟ್ಟಿಯಲ್ಲಿ 6.25ಕ್ಕೆ ಶೇಕಡಾ 55, 6.75ಕ್ಕೆ 60, 7.25ಕ್ಕೆ 65 ಎಂದಿದೆ, ಅಂದರೆ 0.75 ಕಳೆದಂತಾಯಿತು. ಇನ್ನು 9.5ರಿಂದ ಗುಣಿಸುವ ವಾಡಿಕೆಯು ಕೇಂದ್ರೀಯ ಮಾಧ್ಯಮಿಕ ಮಂಡಳಿಯ ಹತ್ತನೆಯ ತರಗತಿಗೆ ಸಂಬಂಧಿಸಿದ್ದು. ವಿಶ್ವವಿದ್ಯಾನಿಲಯದ ಪದವಿಗೆ ಅದನ್ನು ಅನ್ವಯಿಸುವುದು ತಪ್ಪು. ಹೀಗೆ 6.5 ಎಂಬ ಒಂದೇ ಬಿಂದುವು ಒಂದು ಸೂತ್ರದಂತೆ ಶೇಕಡಾ 65, ಇನ್ನೊಂದರಂತೆ 60, ಮತ್ತೊಂದರಂತೆ 57.5 ಆಗುತ್ತದೆ. ಮೊದಲೆರಡರಲ್ಲಿ ವಿದ್ಯಾರ್ಥಿಗೆ ಶೇಕಡಾ 60ರ ಪ್ರಥಮ ದರ್ಜೆ ಉಳಿಯುತ್ತದೆ, ಮೂರನೆಯದರಲ್ಲಿ ಕೈತಪ್ಪುತ್ತದೆ.

ಅರ್ಧ ಬಿಂದುವನ್ನು ಕಳೆಯುವುದರಲ್ಲಿ ಅರ್ಥವಿಲ್ಲದೆ ಇಲ್ಲ. ಮೇಲೆ ಹೇಳಿದ ತಾಂತ್ರಿಕ ವಿಶ್ವವಿದ್ಯಾನಿಲಯದ ಆ ನಿಬಂಧನೆಗಳಲ್ಲಿ 60ರಿಂದ 70ರೊಳಗಿನ ಅಂಕಗಳಿಗೆ 7 ಬಿಂದುಗಳು. ಆ ಶ್ರೇಣಿಯ ನಡುವಿನ ಅಂಕ 65. ಏಳನ್ನು ಹತ್ತರಿಂದ ಗುಣಿಸಿದರೆ 70 ಆಗಿ, ಶ್ರೇಣಿಯಲ್ಲಿ ಯಾರೂ ಪಡೆಯದ ಅಂಕವು ಎಲ್ಲರಿಗೂ ದೊರೆತಂತಾಗುವುದು. ಅರ್ಧವನ್ನು ಕಳೆದರೆ ಸರಿಯಾಗಿ ನಡುವಿನ 65ಕ್ಕೆ ಬಂದು ನಿಲ್ಲುವುದು. ಆದರೂ ಎಲ್ಲ ವಿಷಯಗಳಲ್ಲಿ 69 ಪಡೆದವನೂ 60 ಪಡೆದವನೂ ಒಂದೇ ಶೇಕಡಾ 65ಕ್ಕೆ ಸೇರುತ್ತಾರೆ. ಮೊದಲನೆಯವನಿಗೆ ನಾಲ್ಕರ ನಷ್ಟ, ಎರಡನೆಯವನಿಗೆ ಐದರ ಲಾಭ. 69 ಮತ್ತು 70ರ ನಡುವೆಯಾದರೋ ಪೂರ್ತಿ ಒಂದು ಬಿಂದುವಿನ ಅಂತರ. ಪರೀಕ್ಷಕನ ಕೈಯ ಏರಿಳಿತದಿಂದಾಗುವ ಅನ್ಯಾಯವನ್ನು ಶ್ರೇಣಿಪದ್ಧತಿಯು ತಗ್ಗಿಸಿತಾದರೂ ಪೂರ್ಣವಾಗಿ ನಿವಾರಿಸಲಿಲ್ಲ. ಅದನ್ನು ಶ್ರೇಣಿಯ ಗಡಿಗಳಿಗೆ ಸಾಗಿಸಿತೆನ್ನಬೇಕು.

ಲೋಕವ್ಯವಹಾರವಾದರೋ ಇಂದಿಗೂ ಶೇಕಡಾವಾರನ್ನೇ ಕೇಳುತ್ತದೆ. ಬ್ಯಾಂಕುಗಳ ನೇಮಕದ ಪ್ರಕಟಣೆಗಳಲ್ಲಿ, ಬಿಂದುವನ್ನು ಕೊಟ್ಟಿದ್ದರೆ ಶೇಕಡಾವಾರಿಗೆ ಪರಿವರ್ತಿಸಿ ಬರೆಯಬೇಕೆಂದಿರುತ್ತದೆ. ಭಿನ್ನಾಂಕವನ್ನು ಪೂರ್ಣಕ್ಕೆ ಏರಿಸುವಂತಿಲ್ಲ, 59.99 ಎಂಬುದು 60ಕ್ಕಿಂತ ಕಡಿಮೆಯೇ. ಕಾಲೇಜಿನ ಅಧ್ಯಾಪಕ ವೃತ್ತಿಗೆ ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರು ಶೇಕಡಾ 55 ಪಡೆದಿರಬೇಕು. ಇಲ್ಲಿ ಸೂತ್ರದ ಆಯ್ಕೆಯು ವಿದ್ಯಾರ್ಥಿಯ ಜೀವನದ ಆಯ್ಕೆಯೇ ಆಗಿಬಿಡುತ್ತದೆ.

ಹೈದರಾಬಾದಿನಲ್ಲಿ ಓದಿ ಕಲಬುರಗಿಗೋ ಧಾರವಾಡಕ್ಕೋ ಬೆಂಗಳೂರಿಗೋ ಹೋಗುವ ಕನ್ನಡಿಗರ ಮಕ್ಕಳಿಗೆ ಈ ವಿಚಾರವು ಇನ್ನಷ್ಟು ಮುಖ್ಯ. ಒಂದೊಂದು ರಾಜ್ಯದ ನಿಯಮವೂ ಬದಲಾಗುತ್ತಿರುವುದುಂಟು. ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು 2024-25ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. 2021ರ ನಿಯಮಾವಳಿಯಂತೆ ಸ್ಥಾಪಿತವಾದ ಕ್ರೆಡಿಟ್ ಬ್ಯಾಂಕಿನಲ್ಲಿ ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಏಳು ವರ್ಷಗಳವರೆಗೆ ಜಮೆಯಲ್ಲಿಡಬಹುದಾಗಿದೆ. ಆದರೆ ಜಮೆಯಾದ ಹಣಕ್ಕೆ ಎಲ್ಲೆಡೆಯೂ ಒಂದೇ ಬೆಲೆ ಇರುವಂತೆ ಬಿಂದುವಿಗೆ ಇನ್ನೂ ಇಲ್ಲ.

ಆದುದರಿಂದ ಪದವಿ ಮುಗಿದೊಡನೆ ಮೂರು ಕಾಗದಗಳನ್ನು ಪಡೆದಿರಿಸಿಕೊಳ್ಳುವುದು ವಿವೇಕದ ಮಾರ್ಗ: ಎಲ್ಲ ಅರ್ಧವರ್ಷಗಳ ಮೆಮೊಗಳು, ಪ್ರವೇಶ ಪಡೆದ ವರ್ಷಕ್ಕೆ ಅನ್ವಯಿಸುವ ನಿಬಂಧನೆಯ ಪ್ರತಿ, ಮತ್ತು ವಿಶ್ವವಿದ್ಯಾನಿಲಯವು ತಾನೇ ಕೊಡುವ ಪರಿವರ್ತನಾ ಪ್ರಮಾಣಪತ್ರ. ಹೊರಗಿನ ಸೂತ್ರವನ್ನು ಊಹಿಸಿ ಅರ್ಜಿಯಲ್ಲಿ ತುಂಬಿದವನು ದಾಖಲೆಗಳ ಪರಿಶೀಲನೆಯ ದಿನ ಉತ್ತರಿಸಲಾರನು. ಅಂಕವಾಗಲಿ ಬಿಂದುವಾಗಲಿ ಕಲಿತ ವಿದ್ಯೆಯ ಕುರುಹು ಮಾತ್ರ. ಆದರೆ ಆ ಕುರುಹನ್ನು ಸರಿಯಾಗಿ ಓದಲು ತಿಳಿಯದಿದ್ದರೆ ಕಲಿತ ವಿದ್ಯೆಯೇ ಬಾಗಿಲ ಹೊರಗೆ ನಿಲ್ಲಬೇಕಾದೀತು.