ನಾಯಿಗೆ ಕೆಲಸವಿಲ್ಲ, ನನಗೆ ಪುರುಸೊತ್ತಿಲ್ಲ

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅಮೆರಿಕದ ಯಾವುದೇ ಬಡಾವಣೆಯಲ್ಲಿ ಕಿಟಕಿಯಿಂದ ಹೊರಗೆ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಸೊಂಟಕ್ಕೊಂದು ಚೀಲ, ಕೈಯಲ್ಲಿ ಎರಡೋ ಮೂರೋ ಹಗ್ಗ, ಹಗ್ಗದ ತುದಿಗೆ ಒಂದೊಂದು ದಿಕ್ಕಿಗೆ ಎಳೆಯುವ ನಾಯಿಗಳು. ಹಗ್ಗ ಹಿಡಿದವರು ನಾಯಿಯ ಯಜಮಾನರೆಂದು ನೀವು ತಿಳಿದಿದ್ದರೆ ಬಹಳ ಸಲ ಅದು ತಪ್ಪು. ಯಜಮಾನರು ಆಫೀಸಿನಲ್ಲಿರುತ್ತಾರೆ. ಇವರು ದುಡ್ಡಿಗೆ ನಾಯಿ ನಡೆಸುವವರು. ನಮ್ಮ ಮಲೆನಾಡಿನಲ್ಲಿ ದನ ಕಾಯುವವರಿದ್ದರು, ಅಡಿಕೆ ತೋಟ ಕಾಯುವವರಿದ್ದರು, ಆದರೆ ನಾಯಿಯನ್ನು ಕಾಯುವವರು ಯಾರೂ ಇರಲಿಲ್ಲ. ನಾಯಿಯೇ ನಮ್ಮನ್ನು ಕಾಯುತ್ತಿತ್ತು. ಸುಮಾರು ಹತ್ತು ವರ್ಷಗಳಿಂದ ಸನಿವೇಲಿನ ಬೀದಿಗಳಲ್ಲಿ ಚೂಡಿದಾರದ ಮೇಲೆ ಮಳೆ ಜಾಕೆಟ್ ಹಾಕಿಕೊಂಡು ನಾಯಿಗಳ ಹಿಂದೆ ಓಡುವ ಹೆಂಗಸೊಬ್ಬಳನ್ನು ನೀವು ಕಂಡಿದ್ದರೆ, ಅದು ನಾನೇ ಇರಬಹುದು.

ಇದೇನೂ ನಿನ್ನೆ ಮೊನ್ನೆಯ ಕಸುಬಲ್ಲ. ನ್ಯೂಯಾರ್ಕಿನ ಜಿಮ್ ಬಕ್ ಎಂಬಾತ 1960ರ ದಶಕದ ಆರಂಭದಲ್ಲೇ ಮಾರಾಟದ ಕೆಲಸ ಬಿಟ್ಟು ಮ್ಯಾನ್‌ಹಟನ್ನಿನ ಸಿರಿವಂತರ ನಾಯಿಗಳನ್ನು ನಡೆಸಲು ನಿಂತರು. ಆ ನಗರದಲ್ಲಿ ಇದನ್ನೊಂದು ವೃತ್ತಿಯಾಗಿ ಮಾಡಿದ ಮೊದಲಿಗರೆಂದು ಅವರನ್ನೇ ಹೇಳುತ್ತಾರೆ. 2013ರಲ್ಲಿ ಅವರು ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ದೊಡ್ಡ ಲೇಖನವನ್ನೇ ಬರೆಯಿತು. ನಮ್ಮ ಮನೆಯಲ್ಲಿ ಈ ಕೆಲಸದ ಬಗ್ಗೆ ಮಾತು ಬಂದಾಗ ಜಿಮ್ ಬಕ್ಕರ ಹೆಸರು ನನಗೆ ಬಹಳ ಉಪಯೋಗಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ಧರ್ಮರಾಯ. ಸ್ವರ್ಗದ ಬಾಗಿಲ ತನಕ ನಾಯಿಯನ್ನು ಬಿಡದೆ ಕರೆದುಕೊಂಡು ಹೋದವನಲ್ಲವೇ ಆತ? ನಮ್ಮತ್ತೆ ಮಾತ್ರ ಇದನ್ನು ಒಪ್ಪಲಿಲ್ಲ. "ಧರ್ಮರಾಯ ಅದಕ್ಕೆ ಗಂಟೆಗಿಷ್ಟು ಅಂತ ತಗೊಂಡಿದ್ನೇನೆ?" ಎಂದು ಫೋನಿನಲ್ಲೇ ಕೇಳಿಬಿಟ್ಟರು.

ಮನೆಯಲ್ಲಿ ಮಾತು ಏಕೆ ಬಂತೆಂದು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಎಂ.ಎಸ್ಸಿ. ಮುಗಿಸಿ, ನಾಲ್ಕು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಮದುವೆಯಾಗಿ ಎಚ್-4 ವೀಸಾದಲ್ಲಿ ಬಂದವಳು ನಾನು. ಎಚ್-1ಬಿಯವರ ಹೆಂಡತಿ ಅಥವಾ ಗಂಡ ಇಲ್ಲಿ ಒಂದು ಡಾಲರನ್ನೂ ದುಡಿಯುವಂತಿರಲಿಲ್ಲ. 2015ರ ಮೇ 26ರಿಂದ ನಿಯಮ ಸಡಿಲವಾಯಿತು. ಸಂಗಾತಿಯ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿದ್ದರೆ ನಾವೂ ಕೆಲಸದ ಪರವಾನಗಿ ಕಾರ್ಡು, ಅಂದರೆ ಇಎಡಿ, ಪಡೆಯಬಹುದು. ಆ ಕಾರ್ಡು ಕೈಗೆ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆ. ಹೋಳಿಗೆ ಮುಗಿದ ಮೇಲೆ ಗೊತ್ತಾಯಿತು, ಆರು ವರ್ಷ ಮನೆಯಲ್ಲಿ ಕೂತವಳ ಬಯೋಡೇಟಾಕ್ಕೆ ಇಲ್ಲಿ ಯಾರೂ ಉತ್ತರವನ್ನೂ ಬರೆಯುವುದಿಲ್ಲ.

ಆ ದಿನಗಳಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಸೊಂಟದ ಆಪರೇಷನ್ ಮಾಡಿಸಿಕೊಂಡಿದ್ದರು. ಅವರ ಲ್ಯಾಬ್ರಡಾರನ್ನು ಎರಡು ತಿಂಗಳು ನಾನೇ ಸುತ್ತಾಡಿಸಿದೆ. ಅದರ ಹೆಸರು ಬಡ್ಡಿ. ಅವರು ನನ್ನ ಕೈಗೆ ಒಂದು ಚೆಕ್ ಇಟ್ಟರು, ನಾನು ಬೇಡವೆಂದೆ. "ಹೊರಗಿನವರಿಗಾದರೂ ಕೊಡುತ್ತಿದ್ದೆ" ಎಂದರು. ಅಲ್ಲಿಂದ ಶುರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಮಾವನವರಿಗೆ ಇಡೀ ವ್ಯವಹಾರದಲ್ಲಿ ಹಿಡಿಸಿದ್ದು ಆ ಹೆಸರೊಂದೇ. ಇವತ್ತಿಗೂ ಫೋನು ಮಾಡಿದರೆ "ಏನಮ್ಮಾ, ಬಡ್ಡಿ ಸರಿಯಾಗಿ ಬರ್ತಾ ಇದೆಯಾ?" ಎನ್ನುತ್ತಾರೆ.

ಅಸಲು ಎಷ್ಟು ಬರುತ್ತದೆಂದು ಈಗ ಹೇಳುತ್ತೇನೆ, ಏಕೆಂದರೆ ಕೂಟದ ಗೆಳತಿಯರು ಮೊದಲು ಕೇಳುವುದೇ ಅದನ್ನು. 2016ರಲ್ಲಿ ನಾನು ಅರ್ಧ ಗಂಟೆಯ ಒಂದು ನಡಿಗೆಗೆ 20 ಡಾಲರ್ ತೆಗೆದುಕೊಳ್ಳುತ್ತಿದ್ದೆ. ದಿನಕ್ಕೆ ಐದು, ವಾರಕ್ಕೆ ಇಪ್ಪತ್ತೈದು ನಡಿಗೆ, 500 ಡಾಲರ್. ಕೇಳಲು ಚೆನ್ನಾಗಿದೆ. ಗಿರಾಕಿಗಳನ್ನು ಹುಡುಕಿಕೊಟ್ಟ ಆ್ಯಪ್ ನೂರರಲ್ಲಿ ಇಪ್ಪತ್ತು ಹಿಡಿದುಕೊಂಡು 400 ಕೊಡುತ್ತಿತ್ತು. ಮನೆಯಿಂದ ಮನೆಗೆ ಕಾರಿನಲ್ಲಿ ವಾರಕ್ಕೆ 60 ಮೈಲಿ. ಆ ವರ್ಷ ತೆರಿಗೆ ಇಲಾಖೆಯ ದರ ಮೈಲಿಗೆ 54 ಸೆಂಟು, ಅಲ್ಲಿಗೆ 32 ಡಾಲರ್ ಹೋಯಿತು. ಉಳಿದ 368ರ ಮೇಲೆ ಸ್ವಂತ ಉದ್ಯೋಗದ ತೆರಿಗೆ ಸುಮಾರು 52. ಕಂಪನಿ ಕೆಲಸದಲ್ಲಿ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗಳ ಅರ್ಧ ಪಾಲನ್ನು ಮಾಲೀಕರು ಕಟ್ಟುತ್ತಾರೆ. ಇಲ್ಲಿ ಮಾಲೀಕಳೂ ನಾನೇ, ಆಳೂ ನಾನೇ, ಆದ್ದರಿಂದ ಎರಡೂ ಅರ್ಧ ಸೇರಿ ಶೇಕಡಾ 15.3. ಕೊನೆಗೆ ಕೈಗೆ ಬಂದದ್ದು 316. ನಡಿಗೆ, ಓಡಾಟ ಎಲ್ಲ ಸೇರಿ ವಾರಕ್ಕೆ ಇಪ್ಪತ್ತೆರಡೂವರೆ ಗಂಟೆಯ ದುಡಿಮೆ. ಅಂದರೆ ಗಂಟೆಗೆ 14 ಡಾಲರ್, ಅದೂ ಇನ್ಶೂರೆನ್ಸ್ ಮತ್ತು ಆದಾಯ ತೆರಿಗೆ ಕಳೆಯುವ ಮೊದಲು. ಆಗ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 10 ಡಾಲರ್ ಇತ್ತು. ಲಕ್ಷಾಧೀಶರಾಗುವ ದಾರಿ ಇದಲ್ಲವೆಂದು ತಿಳಿಯಿತಲ್ಲ?

ಹಾಗಿದ್ದರೂ ಬಿಡಲಿಲ್ಲ. ಆ್ಯಪ್ ಇಲ್ಲದೆ ಬಾಯಿಮಾತಿನಿಂದ ಬಂದ ಮನೆಗಳಲ್ಲಿ ಪೂರ್ತಿ ಹಣ ನಮ್ಮದೇ. ಒಂದೇ ಬೀದಿಯ ಮೂರು ಮನೆ ಸಿಕ್ಕರೆ ಕಾರಿನ ಖರ್ಚೂ ಇಲ್ಲ. ಈ ವ್ಯಾಪಾರದ ಗುಟ್ಟು ಇರುವುದು ನಾಯಿಯಲ್ಲಲ್ಲ, ನಕ್ಷೆಯಲ್ಲಿ. ಮೂರು ಮೈಲಿಗಿಂತ ದೂರದ ಮನೆ ಎಷ್ಟು ಒಳ್ಳೆಯವರದಾದರೂ ನಾನು ಒಪ್ಪುವುದಿಲ್ಲ.

ಕಾಗದಪತ್ರದ ಕೆಲಸವೂ ಸ್ವಲ್ಪ ಇದೆ. ನಗರಸಭೆಯ ಬಿಸಿನೆಸ್ ಲೈಸೆನ್ಸ್ ಬೇಕು. ಅಂಗಡಿಗೆ ಚಂದದ ಹೆಸರಿಡುವ ಆಸೆಯಿದ್ದರೆ ಕೌಂಟಿ ಕಚೇರಿಯಲ್ಲಿ ನೋಂದಾಯಿಸಿ, ವಾರಕ್ಕೊಂದು ಸಲದಂತೆ ನಾಲ್ಕು ವಾರ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಬೇಕು. ಎಲ್‌ಎಲ್‌ಸಿ ಮಾಡಿ ಎಂದು ಹೇಳುವವರು ಬಹಳ ಜನ. ಅದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಲಾಭವಿರಲಿ ಬಿಡಲಿ ವರ್ಷಕ್ಕೆ 800 ಡಾಲರ್ ತೆರಿಗೆಯೆಂದು ಅವರು ಹೇಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2013ರಿಂದ ಇನ್ನೂ ಬಿಗಿ. ನಗರದ ಜಾಗದಲ್ಲಿ ದುಡ್ಡಿಗಾಗಿ ಒಟ್ಟಿಗೆ ನಾಲ್ಕು ಅಥವಾ ಹೆಚ್ಚು ನಾಯಿ ನಡೆಸಲು ಪರವಾನಗಿ ಬೇಕು, ಎಂಟಕ್ಕಿಂತ ಹೆಚ್ಚು ಕೂಡದು. ಎಂಟು! ನನಗೆ ಎರಡಕ್ಕಿಂತ ಹೆಚ್ಚಾದರೆ ಕೈ ಸಾಲದು.

ಇಷ್ಟೆಲ್ಲ ಆದರೂ ಈ ಕೆಲಸದಲ್ಲಿ ನನ್ನನ್ನು ಹಿಡಿದಿಟ್ಟದ್ದು ಬೇರೆಯೇ ಒಂದು. ಅದು ಕೀಲಿಕೈ. ನಾವು ಊರಿಗೆ ಹೋಗುವಾಗ ಸ್ವಂತ ತಮ್ಮನಿಗೂ ಬೀರುವಿನ ಕೀಲಿ ಕೊಡಲು ಎರಡು ಸಲ ಯೋಚಿಸುವ ಜನ. ಇಲ್ಲಿ ಅರ್ಧ ಗಂಟೆ ಮಾತಾಡಿಸಿ, ನಾಯಿ ನನ್ನ ಕೈ ಮೂಸಿ ಬಾಲ ಆಡಿಸಿದ್ದನ್ನು ನೋಡಿ, ಮನೆಯ ಕೀಲಿಯನ್ನೂ ಅಲಾರಂ ನಂಬರನ್ನೂ ಕೊಟ್ಟುಬಿಡುತ್ತಾರೆ. ಒಂದು ಕಾಲಕ್ಕೆ ನನ್ನ ಬಳಿ ಹನ್ನೊಂದು ಮನೆಯ ಕೀಲಿಗಳಿದ್ದವು. ಅವುಗಳ ಮೇಲೆ ವಿಳಾಸವನ್ನಾಗಲಿ ಹೆಸರನ್ನಾಗಲಿ ಬರೆಯುವಂತಿಲ್ಲ, ಕಳೆದುಹೋದರೆ ಕಳ್ಳನಿಗೆ ಆಮಂತ್ರಣ ಕೊಟ್ಟಂತೆ. ನಾನು ಕನ್ನಡದ ಅಂಕಿಗಳನ್ನು ಬರೆದಿಟ್ಟಿದ್ದೆ. ೭ ಎಂದರೆ ಯಾರ ಮನೆಯೆಂದು ಸನಿವೇಲಿನ ಯಾವ ಕಳ್ಳನಿಗೆ ಗೊತ್ತಾಗಬೇಕು? ಆರು ವರ್ಷ ಡಿಪೆಂಡೆಂಟ್ ಎಂಬ ಶಬ್ದವನ್ನು ಎಲ್ಲ ಫಾರಮ್ಮುಗಳಲ್ಲೂ ಬರೆದವಳಿಗೆ ಆ ಕೀಲಿಗೊಂಚಲು ಎಷ್ಟು ಭಾರವಾಗಿ, ಎಷ್ಟು ಹಿತವಾಗಿ ಸೊಂಟದಲ್ಲಿ ತೂಗುತ್ತಿತ್ತೆಂದು ಹೇಳಲಾರೆ.

ನಾಯಿಗಳ ಜೊತೆ ನನ್ನ ಭಾಷೆ ಕನ್ನಡವೇ. ಬೇಕೆಂದೇ ಅಲ್ಲ, ನಾಯಿಯನ್ನು ಕಂಡರೆ ಬಾಯಿಗೆ ಬೇರೆ ಭಾಷೆ ಬರುವುದಿಲ್ಲ. ಒಮ್ಮೆ ಬೆಲ್ಲಾ ಎಂಬ ಬೀಗಲ್‌ನ ಒಡತಿ ಗಂಭೀರವಾಗಿ ಕೇಳಿದರು, "ಏನಿದು ಸುಮ್ನಿರು? ನಾವು ಕ್ವಯಟ್ ಎಂದರೆ ಕೇಳುವುದಿಲ್ಲ, ನಿಮ್ಮ ದನಿ ಕೇಳಿದರೇ ಸುಮ್ಮನಾಗುತ್ತಾಳೆ." ಈಗ ಅವರ ಮನೆಯವರೆಲ್ಲ ಸುಮ್ನಿರು ಎನ್ನುತ್ತಾರೆ. ಕೂಟದ ಕನ್ನಡ ಶಾಲೆಯಲ್ಲಿ ಮೂರು ವರ್ಷ ಕಳೆದ ನನ್ನ ಮಗನಿಗಿಂತ ಬೆಲ್ಲಾಳ ಉಚ್ಚಾರ ಜ್ಞಾನ ಮೇಲು ಎಂದು ನನ್ನವರ ಅಭಿಪ್ರಾಯ.

ಅಪಾಯಗಳೂ ಇವೆ. ಒಂದು ದಿನ ಗಿರಾಕಿ ಮನೆಯವರೇ ತೊಡಿಸಿದ್ದ ಕೊರಳಪಟ್ಟಿಯ ಕೊಂಡಿ ಮುರಿದು, ಅಳಿಲಿನ ಹಿಂದೆ ನಾಯಿ ರಸ್ತೆಗಿಳಿಯಿತು. ಇಂಥ ಹೊತ್ತಿನಲ್ಲಿ ಹಿಂದೆ ಓಡಬಾರದು. ಓಡಿದರೆ ಅದಕ್ಕೆ ಆಟ. ನೆಲಕ್ಕೆ ಕೂತು ಅದರ ಕಡೆ ನೋಡದೆ ಏನೋ ಸಿಕ್ಕಿದವರಂತೆ ಹುಲ್ಲು ಕೆದಕಬೇಕು. ನಾನು ಯಾರದೋ ಮನೆಯ ಅಂಗಳದಲ್ಲಿ ಕೂತು ಕೆದಕಿದೆ. ಹತ್ತು ನಿಮಿಷಕ್ಕೆ ಬಂದು ಹೆಗಲ ಮೇಲೆ ಮೂಗಿಟ್ಟಿತು. ಆ ಹತ್ತು ನಿಮಿಷದಲ್ಲಿ ಹರಕೆ ಹೊತ್ತ ದೇವರ ಸಂಖ್ಯೆ ಬಹಳ. ಅಂದಿನಿಂದ ಗಿರಾಕಿಯ ಪಟ್ಟಿ ಏನೇ ಇರಲಿ, ನನ್ನದೇ ಒಂದು ಜಾರುಗುಣಿಕೆ ಹಗ್ಗವನ್ನೂ ಜೊತೆಗೆ ಹಾಕುತ್ತೇನೆ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ, ಹುಲ್ಲಿನ ಮೇಲೆಯೇ ನಡೆಸಬೇಕು. ಕ್ಯಾಲಿಫೋರ್ನಿಯಾದ ಫಾಕ್ಸ್‌ಟೇಲ್ ಹುಲ್ಲು ಒಣಗಿದಾಗ ಅದರ ಮುಳ್ಳು ಕಿವಿ, ಮೂಗು, ಬೆರಳ ಸಂದಿಗೆ ಹೊಕ್ಕರೆ ಮುಂದೆ ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ. ಪ್ರತಿ ನಡಿಗೆಯ ಕೊನೆಗೆ ಪಾದ ಬಿಡಿಸಿ ನೋಡುವುದು ನನ್ನ ನಿಯಮ.

ಬಡ್ಡಿ 2019ರಲ್ಲಿ ಹೋಯಿತು, ಹದಿನಾಲ್ಕು ವರ್ಷ ಬಾಳಿ. ಕೊನೆಯ ತಿಂಗಳು ಅದಕ್ಕೆ ಮನೆಯ ಮೂಲೆಯ ತನಕ ಹೋಗಲೂ ಆಗುತ್ತಿರಲಿಲ್ಲ. ಅಜ್ಜಿ ಅರ್ಧ ಗಂಟೆಯ ಹಣವನ್ನೇ ಕೊಡುತ್ತಿದ್ದರು, ನಾನು ಬಾಗಿಲ ಮೆಟ್ಟಿಲ ಮೇಲೆ ಅದರ ಪಕ್ಕ ಅರ್ಧ ಗಂಟೆ ಕೂತಿರುತ್ತಿದ್ದೆ. ಬೇರೆ ವ್ಯಾಪಾರದಲ್ಲಿ ಗಿರಾಕಿ ಕಳೆದುಕೊಂಡರೆ ಹೀಗೆ ಅಳು ಬರುವುದಿಲ್ಲ.

ಮರುವರ್ಷದ ಕಥೆ ನಿಮಗೆ ಗೊತ್ತೇ ಇದೆ. 2020ರ ಮಾರ್ಚ್ 17ರಿಂದ ಬೇ ಏರಿಯಾದವರೆಲ್ಲ ಮನೆಯೊಳಗೆ. ಯಜಮಾನರೇ ಮನೆಯಲ್ಲಿ ಕೂತ ಮೇಲೆ ನಾಯಿ ನಡೆಸುವವರು ಯಾರಿಗೆ ಬೇಕು? ಒಂದೇ ವಾರದಲ್ಲಿ ಹನ್ನೊಂದು ಮನೆ ಸೊನ್ನೆಗೆ ಬಂತು. ಇಬ್ಬರು ಮಾತ್ರ ಕೆಲಸವಿಲ್ಲದಿದ್ದರೂ ಎರಡು ತಿಂಗಳು ಹಣ ಕಳಿಸಿದರು. ಅವರ ಋಣ ದೊಡ್ಡದು. ಬೇಸಿಗೆಯಲ್ಲಿ ಎಲ್ಲರೂ ನಾಯಿಮರಿ ತಂದರು, ಮತ್ತೆ ಕರೆಗಳು ಬರತೊಡಗಿದವು, ಇನ್ನೇನು ಚೇತರಿಸಿಕೊಂಡೆ ಅನ್ನುವಷ್ಟರಲ್ಲಿ ನನ್ನ ಇಎಡಿ ಮುಗಿಯಿತು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕರಿಗೆ ಆದದ್ದು ಇದೇ. 2019ರಿಂದ ಎಚ್-4 ನವೀಕರಣಕ್ಕೂ ಬೆರಳಚ್ಚು ಕಡ್ಡಾಯ ಮಾಡಿದ್ದರು. ಕೋವಿಡ್‌ನಲ್ಲಿ ಬೆರಳಚ್ಚು ಕಚೇರಿಗಳೇ ಮುಚ್ಚಿ ಅರ್ಜಿಗಳು ರಾಶಿ ಬಿದ್ದವು. 2021ರ ಮೇ 17ರಿಂದ ಅದನ್ನು ಕೈಬಿಟ್ಟರು, ಆದರೆ ನನ್ನ ಕಾರ್ಡು ಜನವರಿಯಲ್ಲೇ ಮುಗಿದಿತ್ತು. ಕಾರ್ಡಿಲ್ಲದೆ ಒಂದು ದಿನವೂ ದುಡಿಯುವಂತಿಲ್ಲ. "ನಾನೇ ನಡೆಸಿಕೊಂಡು ಬರ್ತೀನಿ ಬಿಡು" ಎಂದರು ನನ್ನವರು. ಎಚ್-1ಬಿಯವರು ತಮ್ಮ ಕಂಪನಿ ಬಿಟ್ಟು ಬೇರೆಡೆ ದುಡಿಯಬಾರದು, ಅದು ನಾಯಿಯ ಹಗ್ಗ ಹಿಡಿಯುವ ಕೆಲಸವಾದರೂ ಅಷ್ಟೇ ಎಂದು ವಕೀಲರು ಹೇಳಿದರು. ಸೊಂಟದ ಕೀಲಿಗಳನ್ನು ಒಂದೊಂದಾಗಿ ಹಿಂದಿರುಗಿಸಿ ಬಂದೆ. ಬೀದಿಯಲ್ಲಿ ಬೆಲ್ಲಾ ಬೇರೆಯವರ ಜೊತೆ ಹೋಗುತ್ತಾ ನನ್ನನ್ನು ನೋಡಿ ಎಳೆದಾಡಿದಾಗ ನಾನೇ ಇನ್ನೊಂದು ಬೀದಿಗೆ ತಿರುಗಿಬಿಡುತ್ತಿದ್ದೆ. ಐದು ತಿಂಗಳ ನಂತರ ಕಾರ್ಡು ಬಂತು. ಮನೆಗಳಲ್ಲಿ ಅರ್ಧ ಮಾತ್ರ ಮರಳಿದವು. ಬೆಲ್ಲಾ ಬಂದಳು.

ಈಗಿನ ನವೀಕರಣದ ವಿಷಯ ಕೇಳುವವರಿಗೆ ಒಂದು ಮಾತು. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ಅರ್ಜಿಗಳಿಗೆ ಹಳೆಯ ಕಾರ್ಡು ತಾನಾಗಿಯೇ ಮುಂದುವರಿಯುವ ಸೌಲಭ್ಯ ತೆಗೆದುಬಿಟ್ಟಿದ್ದಾರೆ. ಮುಗಿಯುವುದಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಲು ವಕೀಲರನ್ನು ಎಬ್ಬಿಸಿ. ನನ್ನ ಸರದಿಯೂ ಹತ್ತಿರ ಬರುತ್ತಿದೆ, ಬದಲಿಗೊಬ್ಬರನ್ನು ಗಿರಾಕಿಗಳಿಗೆ ಈಗಲೇ ಪರಿಚಯಿಸಿ ಇಟ್ಟಿದ್ದೇನೆ.

ವ್ಯಾಪಾರದ ರೂಪವೂ ಬದಲಾಗಿದೆ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುವ ಪದ್ಧತಿ ಬಂದ ಮೇಲೆ ಮಂಗಳ, ಬುಧ, ಗುರುವಾರ ಊಟಕ್ಕೂ ಬಿಡುವಿಲ್ಲ, ಸೋಮವಾರ ಶುಕ್ರವಾರ ಕೆಲಸವಿಲ್ಲ. ಆಳು ಇಟ್ಟು ಬೆಳೆಸಬಾರದೇ ಎಂದು ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಎಬಿ 5 ಕಾನೂನಿನ ನಂತರ ನನ್ನ ಕೈಕೆಳಗೆ ನಾಯಿ ನಡೆಸುವವರನ್ನು ಕಾಂಟ್ರಾಕ್ಟರ್ ಎಂದು ತೋರಿಸುವುದು ಕಷ್ಟ. ನೌಕರರೆಂದೇ ಇಟ್ಟುಕೊಂಡು ಸಂಬಳಪಟ್ಟಿ, ವರ್ಕರ್ಸ್ ಕಾಂಪ್ ವಿಮೆ ಎಲ್ಲ ಮಾಡಬೇಕು. ಅದು ನ್ಯಾಯವೇ, ಆದರೆ ನನಗೆ ನಾಯಿ ಸಾಕು, ಆಫೀಸು ಬೇಡ.

ಹೊಸ ಗಿರಾಕಿಗಳಲ್ಲಿ ಈಗ ನಮ್ಮವರೇ ಹೆಚ್ಚು. 2020ರಲ್ಲಿ ಮಕ್ಕಳ ಹಟಕ್ಕೆ ತಂದ ಗೋಲ್ಡನ್‌ಡೂಡಲ್‌ಗಳೆಲ್ಲ ದೊಡ್ಡವಾಗಿವೆ. "ಕನ್ನಡದವರೇ ಅಲ್ವಾ ಮೇಡಂ, ಸ್ವಲ್ಪ ನೋಡಿ ಹೇಳಿ" ಎಂದು ಚೌಕಾಸಿ ಮಾಡುವವರೂ ನಮ್ಮವರೇ, ಮನೆಗೆ ಹೋದರೆ ಫಿಲ್ಟರ್ ಕಾಫಿ ಇಟ್ಟಿರುವವರೂ ನಮ್ಮವರೇ. ಮೊನ್ನೆ ಬಂದಿದ್ದ ನಮ್ಮತ್ತೆ ಮಡಿಸೀರೆಯನ್ನು ಎತ್ತಿ ಹಿಡಿದು ಒಂದು ಮನೆಯ ಗೇಟಿನ ತನಕ ಜೊತೆಗೆ ಬಂದರು. "ಕಚ್ಚಲ್ವಲ್ಲ?" ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ಹಗ್ಗ ಹಿಡಿದರು.

ನಮ್ಮ ಮನೆಗಳಿಗೆ ನಾನು ಹೇಳುವ ಎಚ್ಚರಿಕೆ ಒಂದೇ, ಪ್ರಸಾದ. ಸತ್ಯನಾರಾಯಣ ಪೂಜೆಯ ಸಪಾದದಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಚಾಕಲೇಟು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನ ಝೈಲಿಟಾಲ್ ಕೂಡ ವಿಷವೇ. "ದೇವರ ಪ್ರಸಾದ, ಏನೂ ಆಗಲ್ಲ" ಎಂದು ಅಜ್ಜಿಯರು ಮೇಜಿನ ಕೆಳಗೆ ಕೊಟ್ಟಿರುತ್ತಾರೆ. ತಿಂದದ್ದು ಗೊತ್ತಾದ ಕೂಡಲೇ ಡಾಕ್ಟರಿಗೆ ಫೋನು ಮಾಡಿ, ವಾಂತಿಯಾಗುವ ತನಕ ಕಾಯಬೇಡಿ. ಇನ್ನು ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಸೆಪ್ಟೆಂಬರಿನಲ್ಲೇ ತಿಳಿಸಿದರೆ ಅನುಕೂಲ. ಕಳೆದ ವರ್ಷ ಥ್ಯಾಂಕ್ಸ್‌ಗಿವಿಂಗ್ ಬರುವ ಮೊದಲೇ ನನ್ನ ಪಟ್ಟಿ ತುಂಬಿಹೋಗಿತ್ತು.