ಬಿಗಿಯಾಗಿರುವುದು ಬ್ಲೌಸೋ, ಎದೆಯೋ?

ತುಳಸಿ ಲಗ್ನ ಮುಗಿಯಿತು, ಪುಣೆಯಲ್ಲಿ ಮದುವೆಗಳು ಶುರು. ಲಕ್ಷ್ಮೀ ರೋಡಿನ ಪೈಠಣಿ ಉಡಿ, ಊರಿನ ಇಳಕಲ್ ಉಡಿ, ನನ್ನ ತಕರಾರಿಲ್ಲ. ತಕರಾರಿರುವುದು ಈಗ ಲಂಗದ ಬದಲು ಬಂದಿರುವ ಸೀರೆ ಶೇಪ್‌ವೇರ್ ಬಗ್ಗೆ. ತೆಳ್ಳಗೆ ಕಾಣಲೆಂದು ಒಂದು ಸೈಜ್ ಚಿಕ್ಕದನ್ನೇ ಕೊಳ್ಳುತ್ತಾರೆ. ಅದು ಹೊಟ್ಟೆಯನ್ನು ಒತ್ತಿ, ಊಟವಾದ ಮೇಲೆ ಆಮ್ಲ ಮೇಲಕ್ಕೆ ಬಂದು ಎದೆ ಉರಿಯುತ್ತದೆ. ಹಾಗೆಂದು ಲಂಗದ ಲಾಡಿಯನ್ನೂ ಬಿಗಿಯಬೇಡಿ. ಲಾಡಿ ಉಜ್ಜಿ ಆದ ಹುಣ್ಣು ಮಾಯದೆ ಕ್ಯಾನ್ಸರ್ ಆದ ಎರಡು ಪ್ರಕರಣಗಳನ್ನು ವರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ.

ನನ್ನ ನಿಜವಾದ ಚಿಂತೆ ಬೇರೆ. ಹೃದಯಾಘಾತ ಆಗುತ್ತಿರುವಾಗಲೂ ನಮ್ಮ ಹೆಂಗಸರು “ಬ್ಲೌಸ್ ಬಿಗಿ, ಗ್ಯಾಸ್ ಇರಬೇಕು” ಎಂದು ಓಡಾಡುತ್ತಲೇ ಇರುತ್ತಾರೆ. ಎದೆ ಹಿಡಿದಂತಾಗುವುದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ಅಥವಾ ಬೆನ್ನು ನೋವು, ವಾಕರಿಕೆ, ತಣ್ಣನೆಯ ಬೆವರು, ಏದುಸಿರು ಬರಬಹುದು. ಬಟ್ಟೆ ಸಡಿಲಿಸಿ, ಆದರೆ ಕಾದು ನೋಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ತಕ್ಷಣ ಇಸಿಜಿ ಆಗಲಿ. ಮುಹೂರ್ತ ಯಾರಿಗೂ ನಿಲ್ಲುವುದಿಲ್ಲ, ನಡೆಯುತ್ತದೆ ಬಿಡಿ.

ಇನ್ನೊಂದು ಮಾತು. ರಿಸೆಪ್ಷನ್ ಇರುವುದು ಬಯಲು ಲಾನ್‌ನಲ್ಲಿ, ಡಿಸೆಂಬರ್ ರಾತ್ರಿ. ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಬಿಪಿ ಇರುವವರು ಮಾತ್ರೆ ತಪ್ಪಿಸದೆ, ಮೇಲೆ ಶಾಲು ಹೊದ್ದುಕೊಳ್ಳಿ. ಫೋಟೋಗೆ ಬೇಕಾದರೆ ಎರಡು ನಿಮಿಷ ತೆಗೆಯಿರಿ.